ನಾಜಿ ಜನಾಂಗದ್ವೇಷವನ್ನು ಆಫ್ರಿಕಾ ಕಂಡ ಬಗೆ: ಚಿಕ್ಕಬಾಣಾವರದಿಂದ ಒಂದು ನೋಟ

ಜನವರಿ 27 ಯೆಹೂದ್ಯರ ನರಮೇಧದ ಸ್ಮರಣೆಯ ದಿನ. 1945ರಲ್ಲಿ ಅದೇ ದಿನ ಸೋವಿಯತ್ ಸೈನಿಕರು ಆಶ್ವಿಟ್ಜ್ ಶಿಬಿರವನ್ನು ತಲಪಿದ್ದರಿಂದ ವಿಶ್ವಸಂಸ್ಥೆ 2005ರಲ್ಲಿ ಈ ದಿನವನ್ನು ಗೊತ್ತುಮಾಡಿತು. ಫೆಬ್ರವರಿ 8 ಸುಡಾನಿನ ಸಂತ ಜೋಸೆಫಿನ್ ಬಖಿತಾಳ ಹಬ್ಬ. ಈ ಎರಡರ ನಡುವೆ ಜನವರಿ 31 ಬರುತ್ತದೆ.  2016ರ ಜನವರಿ 31ರ ಭಾನುವಾರ ರಾತ್ರಿ ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಚಿಕ್ಕಬಾಣಾವರದ ಹೆಸರಘಟ್ಟ ರಸ್ತೆಯಲ್ಲಿ ನಡೆದದ್ದನ್ನು ನೆನೆದರೆ ಆ ಎರಡು ದಿನಗಳ ಅರ್ಥ ನಮಗೆ ಸ್ವಲ್ಪ ಹತ್ತಿರವಾಗುತ್ತದೆ.

ಆ ಸಂಜೆ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಜನ ಸೇರಿದರು, ಕಾರಿಗೆ ಬೆಂಕಿ ಬಿತ್ತು. ಸುಮಾರು ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವರು ತಾಂಜಾನಿಯಾದ ವಿದ್ಯಾರ್ಥಿಗಳು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಕೂಡ ತಾಗುವುದಿಲ್ಲ. ಆದರೆ ಮೈಬಣ್ಣ ಒಂದೇ. ಗುಂಪು ಅವರ ಮೇಲೆ ಬಿತ್ತು. ಸಮೀಪದ ಕಾಲೇಜಿನಲ್ಲಿ ಓದುತ್ತಿದ್ದ 21 ವರ್ಷದ ಯುವತಿಯನ್ನು ಹೊಡೆದು ಅವಳ ಮೇಲುಡುಪು ಹರಿದರು, ಅವರ ಕಾರನ್ನೂ ಸುಟ್ಟರು. ತಪ್ಪಿಸಿಕೊಳ್ಳಲು ಬಸ್ ಹತ್ತಲು ಹೋದಾಗ ಒಳಗಿದ್ದವರೇ ಹೊರಗೆ ದೂಡಿದರೆಂದು ಆಕೆ ಹೇಳಿದಳು. ಸುದ್ದಿ ದೆಹಲಿಗೆ ಮುಟ್ಟಿತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ನೋವು ವ್ಯಕ್ತಪಡಿಸಿದರು, ತಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೆ ಬಂದರು, ಹಲವರ ಬಂಧನವಾಯಿತು, ಪೊಲೀಸರ ಮೇಲೂ ಕ್ರಮವಾಯಿತು. ಅಂದಿನ ರಾಜ್ಯ ಗೃಹ ಸಚಿವ ಜಿ. ಪರಮೇಶ್ವರ ಅವರು ಇದು ಅಪಘಾತದಿಂದ ಕೆರಳಿದ ಜನರ ಸಿಟ್ಟು, ಜನಾಂಗೀಯ ದಾಳಿಯಲ್ಲ ಎಂದರು.

ಸಚಿವರು ಹೇಳಿದ್ದನ್ನು ಅಂದು ಅನೇಕರು ಒಪ್ಪಿದರು. ನಮ್ಮವರಲ್ಲಿಯೂ ಅನೇಕರು ಒಪ್ಪಿದರು. ನಮ್ಮಲ್ಲಿ ಜಾತಿ ಇದೆ, ಭಾಷೆಯ ಜಗಳವಿದೆ, ಆದರೆ ಜನಾಂಗದ್ವೇಷ ಬಿಳಿಯರ ರೋಗ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಸಿಟ್ಟು ಬಂದದ್ದು ಅಪಘಾತದಿಂದ ಎಂಬುದು ನಿಜವೇ. ತೀರಿಕೊಂಡ ಆ ಮಹಿಳೆಯ ಮನೆಯವರ ದುಃಖವೂ ನಿಜ, ಅವರನ್ನು ಈ ಚರ್ಚೆಯಲ್ಲಿ ಬಹಳ ಮಂದಿ ಮರೆತರು. ಆದರೆ ಆ ಸಿಟ್ಟು ಎರಡನೆಯ ಕಾರಿನವರ ಮೇಲೆ ಹೇಗೆ ತಿರುಗಿತು? ಮಂಗಳೂರಿನ ನೋಂದಣಿಯ ಕಾರು ಬೆಂಗಳೂರಿನಲ್ಲಿ ಯಾರಿಗೋ ಬಡಿದರೆ, ಅರ್ಧ ಗಂಟೆ ಬಿಟ್ಟು ಬಂದ ಇನ್ನೊಬ್ಬ ಮಂಗಳೂರಿನವನನ್ನು ಹಿಡಿದು ಹೊಡೆಯುವವರು ಯಾರೂ ಇಲ್ಲ. ಒಬ್ಬ ಮಾಡಿದ್ದಕ್ಕೆ ಅದೇ ಬಣ್ಣದ ಇನ್ನೊಬ್ಬ ಉತ್ತರ ಕೊಡಬೇಕು ಎಂಬ ಲೆಕ್ಕ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನೂರು ವರ್ಷಗಳಿಂದ ಕೇಳುತ್ತ ಬಂದವರು ಆಫ್ರಿಕಾದ ಜನ. ನಾಜಿ ಜರ್ಮನಿಯ ಕಥೆಯನ್ನು ಅವರು ಹೇಳುವಾಗ ನಮ್ಮ ಶಾಲಾ ಪುಸ್ತಕ ಆರಂಭಿಸುವ ಜಾಗದಿಂದ ಆರಂಭಿಸುವುದಿಲ್ಲ.

ಮೊದಲೇ ಒಂದು ಮಾತು. ಹೆಸರಘಟ್ಟ ರಸ್ತೆಯ ಗುಂಪನ್ನು ನಾಜಿಗಳಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅರುವತ್ತು ಲಕ್ಷ ಯೆಹೂದ್ಯರನ್ನು ಒಂದು ಸರ್ಕಾರ ಪಟ್ಟಿ ಮಾಡಿ, ರೈಲು ಹತ್ತಿಸಿ ಕೊಂದ ಘಟನೆಗೆ ಸಮನಾದದ್ದು ಇಲ್ಲ, ಅಂಥ ಹೋಲಿಕೆ ಸತ್ತವರಿಗೆ ಅವಮಾನ. ನಾವು ಕೇಳುವುದು ಇಷ್ಟೇ: ಮನುಷ್ಯನನ್ನು ಅವನ ಮುಖ ನೋಡದೆ ಅವನ ಗುಂಪನ್ನು ಮಾತ್ರ ನೋಡುವ ಅಭ್ಯಾಸ ಎಲ್ಲಿ, ಹೇಗೆ ಬೆಳೆಯುತ್ತದೆ?

ಆ ಯುವತಿಯ ದೇಶದವನೇ ಆದ ಒಬ್ಬನ ಕಥೆಯಿಂದ ತೊಡಗೋಣ. ಬಯೂಮೆ ಮೊಹಮ್ಮದ್ ಹುಸೇನ್ 1904ರಲ್ಲಿ ದಾರ್ ಎಸ್ ಸಲಾಮಿನಲ್ಲಿ ಹುಟ್ಟಿದ. ಆಗ ಆ ಊರು ಜರ್ಮನ್ ಪೂರ್ವ ಆಫ್ರಿಕಾದ ರಾಜಧಾನಿ. ತಂದೆ ಜರ್ಮನ್ ಸೇನೆಯ ಸ್ಥಳೀಯ ಸೈನಿಕ. ಮೊದಲ ಮಹಾಯುದ್ಧ ಬಂದಾಗ ಹತ್ತು ವರ್ಷದ ಹುಡುಗನೂ ಅದೇ ಸೇನೆಗೆ ಸೇರಿದ, ಗಾಯಗೊಂಡ, ಬ್ರಿಟಿಷರ ಸೆರೆಯಾದ. 1929ರಲ್ಲಿ ತನಗೂ ತಂದೆಗೂ ಬರಬೇಕಿದ್ದ ಸೈನ್ಯದ ಬಾಕಿ ಸಂಬಳ ಕೇಳಲು ಬರ್ಲಿನ್ನಿಗೆ ಹೋದ. ಸರ್ಕಾರ ಕೊಡಲಿಲ್ಲ. ಅವನು ಅಲ್ಲಿಯೇ ನಿಂತ, ಹೋಟೆಲಿನಲ್ಲಿ ಮಾಣಿಯಾದ, ವಿಶ್ವವಿದ್ಯಾನಿಲಯದಲ್ಲಿ ಸ್ವಾಹಿಲಿ ಭಾಷೆ ಕಲಿಸುವುದಕ್ಕೆ ನೆರವಾದ, ಜರ್ಮನ್ ಹುಡುಗಿಯನ್ನು ಮದುವೆಯಾದ, ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ. ಮಾಜಿ ಸೈನಿಕರಿಗೆ ಕೊಡುತ್ತಿದ್ದ ಪದಕಕ್ಕೂ ಅರ್ಜಿ ಹಾಕಿದ, ಸಿಗಲಿಲ್ಲ. 1941ರಲ್ಲಿ ಜರ್ಮನ್ ಮಹಿಳೆಯೊಂದಿಗಿನ ಸಂಬಂಧದ ಕಾರಣಕ್ಕೆ, ಅಂದರೆ 'ಜನಾಂಗವನ್ನು ಮಲಿನಗೊಳಿಸಿದ' ಆರೋಪದ ಮೇಲೆ, ಅವನನ್ನು ಹಿಡಿದು ಸಾಕ್ಸೆನ್‌ಹೌಸನ್ ಶಿಬಿರಕ್ಕೆ ಹಾಕಿದರು. 1944ರ ನವೆಂಬರ್ 24ರಂದು ಅಲ್ಲಿಯೇ ಸತ್ತ. ಜರ್ಮನಿಗಾಗಿ ಬಾಲ್ಯದಲ್ಲೇ ರಕ್ತ ಸುರಿಸಿದವನಿಗೆ ಜರ್ಮನಿ ಕೊಟ್ಟದ್ದು ಇದು. 2007ರಲ್ಲಿ ಅವನಿದ್ದ ಬರ್ಲಿನ್ನಿನ ಬೀದಿಯಲ್ಲಿ ಹೆಸರು ಕೆತ್ತಿದ ಹಿತ್ತಾಳೆಯ ಪುಟ್ಟ ಫಲಕವೊಂದನ್ನು ನೆಲದಲ್ಲಿ ಹೂಳಿದ್ದಾರೆ.

ಹುಸೇನನ ಊರಿನವರಿಗೆ ಜರ್ಮನ್ ಸರ್ಕಾರದ ಕೈ ಹಿಟ್ಲರನಿಗಿಂತ ಮೊದಲೇ ಪರಿಚಯವಿತ್ತು. ಅವನು ಹುಟ್ಟಿದ ಮರುವರ್ಷ, 1905ರಲ್ಲಿ, ಬಲವಂತದ ಹತ್ತಿ ಬೇಸಾಯ ಮತ್ತು ತೆರಿಗೆಯ ವಿರುದ್ಧ ದಕ್ಷಿಣ ತಾಂಜಾನಿಯಾದ ಜನ ಎದ್ದರು. ಮಾಜಿ ಮಾಜಿ ದಂಗೆಯೆಂದು ಅದಕ್ಕೆ ಹೆಸರು. ಜರ್ಮನ್ ಸೇನೆ ಬೆಳೆ ಮತ್ತು ಕಣಜಗಳನ್ನು ಸುಟ್ಟು ಬರಗಾಲ ತಂದಿತು, ಲಕ್ಷಾಂತರ ಜನ ಹಸಿವಿನಿಂದ ಸತ್ತರು. 2023ರ ನವೆಂಬರಿನಲ್ಲಿ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮಾಯರ್ ಸೊಂಗೆಯಾ ಎಂಬ ಊರಿಗೆ ಹೋಗಿ ಕ್ಷಮೆ ಕೇಳಿದರು.

ಖಂಡದ ಇನ್ನೊಂದು ಬದಿಯ ನಮೀಬಿಯಾದಲ್ಲಿ ನಡೆದದ್ದು ಇನ್ನೂ ಭೀಕರ. ನಮಗೆ ಕರಾವಳಿಯವರಿಗೆ ಆ ಕಾಲದ ಜರ್ಮನ್ ಎಂದರೆ ಕಿಟ್ಟೆಲ್ ಸಾಹೇಬರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ ನಿಘಂಟು ಹೊರಬಂತು. ಅದಾಗಿ ಹತ್ತು ವರ್ಷಕ್ಕೆ, 1904ರ ಅಕ್ಟೋಬರ್ 2ರಂದು, ಜನರಲ್ ಲೋಥಾರ್ ವಾನ್ ಟ್ರೋಥಾ ಎಂಬ ಇನ್ನೊಬ್ಬ ಜರ್ಮನ್ ಹೆರೆರೊ ಜನಾಂಗದ ಪ್ರತಿಯೊಬ್ಬ ಗಂಡಸನ್ನೂ ಕೊಲ್ಲಬೇಕೆಂದೂ ಹೆಂಗಸರು ಮಕ್ಕಳನ್ನು ಮರುಭೂಮಿಗೆ ಅಟ್ಟಬೇಕೆಂದೂ ಲಿಖಿತ ಆಜ್ಞೆ ಹೊರಡಿಸಿದ. ಬಾವಿಗಳಿಗೆ ಕಾವಲು ಹಾಕಿದರು. ಬದುಕುಳಿದವರನ್ನು ಶಿಬಿರಗಳಿಗೆ ಹಾಕಿ ದುಡಿಸಿದರು, ಅದರಲ್ಲಿ ಶಾರ್ಕ್ ದ್ವೀಪದ ಶಿಬಿರ ಕುಪ್ರಸಿದ್ಧ. ಸುಮಾರು 80,000 ಹೆರೆರೊ ಜನರಲ್ಲಿ 65,000ದಷ್ಟು ಮಂದಿ, ನಾಮಾ ಜನಾಂಗದ ಅರ್ಧದಷ್ಟು ಮಂದಿ 1908ರೊಳಗೆ ಇಲ್ಲವಾದರು. ಒಂದೇ ಭಾಷೆಯ ಇಬ್ಬರು, ಒಂದೇ ಬೈಬಲನ್ನು ಓದಿ ಬೆಳೆದವರು. ಒಬ್ಬರು ನಮ್ಮ ಮಾತುಗಳನ್ನು ಒಂದೊಂದಾಗಿ ಎತ್ತಿಟ್ಟರು, ಇನ್ನೊಬ್ಬ ಒಂದು ಜನಾಂಗವನ್ನೇ ಅಳಿಸಲು ಹೊರಟ. ಜರ್ಮನ್ನರೆಲ್ಲ ಹೀಗೆಯೇ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿಂದ ಆಶ್ವಿಟ್ಜ್‌ಗೆ ಹೋಗುವ ದಾರಿಯನ್ನು ಒಬ್ಬನ ಹೆಜ್ಜೆಯಲ್ಲಿಯೇ ಗುರುತಿಸಬಹುದು. ಓಯ್ಗೆನ್ ಫಿಷರ್ ಎಂಬ ವಿಜ್ಞಾನಿ 1908ರಲ್ಲಿ ನಮೀಬಿಯಾಕ್ಕೆ ಹೋಗಿ, ಬಿಳಿಯ ತಂದೆ ಮತ್ತು ಆಫ್ರಿಕನ್ ತಾಯಿಯ ಸಂತಾನವಾದ ಒಂದು ಸಮುದಾಯದ ತಲೆ, ಮೂಗು, ಕೂದಲು ಅಳೆದು ಬಂದ. 1913ರಲ್ಲಿ ಪುಸ್ತಕ ಬರೆದು, ಮಿಶ್ರ ರಕ್ತದವರು ಕೀಳು ಎಂದು ಸಾರಿದ. 1927ರಲ್ಲಿ ಬರ್ಲಿನ್ನಿನ ಮಾನವಶಾಸ್ತ್ರ ಸಂಸ್ಥೆಗೆ ನಿರ್ದೇಶಕನಾದ. ಮೊದಲ ಮಹಾಯುದ್ಧದ ಬಳಿಕ ರೈನ್ ನದಿಯ ಪ್ರಾಂತ್ಯದಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೇನೆಯಲ್ಲಿ ಆಫ್ರಿಕಾದ ಸೈನಿಕರಿದ್ದರು. ಅವರಿಗೆ ಜರ್ಮನ್ ತಾಯಂದಿರಲ್ಲಿ ಹುಟ್ಟಿದ ಮಕ್ಕಳಲ್ಲಿ ಕನಿಷ್ಠ 385 ಮಂದಿಗೆ 1937ರಲ್ಲಿ ಗುಟ್ಟಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಆ ಮಕ್ಕಳನ್ನು ಪರೀಕ್ಷಿಸಿ 'ಜನಾಂಗ' ಬರೆದುಕೊಟ್ಟವರಲ್ಲಿ ಫಿಷರನ ಸಂಸ್ಥೆಯ ತಜ್ಞರಿದ್ದರು. 1942ರಲ್ಲಿ ಅವನ ಕುರ್ಚಿಗೆ ಬಂದವನು ವೆರ್ಶುಅರ್. ವೆರ್ಶುಅರನ ಶಿಷ್ಯ ಜೋಸೆಫ್ ಮೆಂಗೆಲೆ. ಆಶ್ವಿಟ್ಜ್‌ನ ಅವಳಿ ಮಕ್ಕಳ ಮೇಲೆ ಪ್ರಯೋಗ ನಡೆಸಿದ ಮೆಂಗೆಲೆ ಅಲ್ಲಿಂದ ಇದೇ ಸಂಸ್ಥೆಗೆ ಮಾದರಿಗಳನ್ನು ಕಳುಹಿಸುತ್ತಿದ್ದ.

ಮಾರ್ಟಿನಿಕ್ ದ್ವೀಪದ ಕವಿ ಎಮೆ ಸೆಸೇರ್, ಆಫ್ರಿಕನ್ ಮೂಲದವರು, 1950ರಲ್ಲಿ ಬರೆದ ವಸಾಹತುಶಾಹಿ ಕುರಿತ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ಯುರೋಪು ಅದುವರೆಗೆ ಆಫ್ರಿಕಾ ಮತ್ತು ಏಷ್ಯಾದವರಿಗೆ ಮಾಡುತ್ತಿದ್ದುದನ್ನು ಹಿಟ್ಲರ್ ಯುರೋಪಿನೊಳಗೆ ಮಾಡಿದ, ಆಗ ಮಾತ್ರ ಯುರೋಪಿಗೆ ಅದು ಪಾಪವಾಗಿ ಕಂಡಿತು ಎಂಬುದು ಅವರ ವಾದದ ತಿರುಳು. ಆಫ್ರಿಕಾದ ಬಹಳ ಮಂದಿ ಚಿಂತಕರು ಇಂದಿಗೂ ಈ ದಾರಿಯಲ್ಲಿಯೇ ಯೋಚಿಸುತ್ತಾರೆ. ಈ ವಾದದಲ್ಲಿ ದೊಡ್ಡ ಸತ್ಯವಿದೆ, ಆದರೆ ಪೂರ್ತಿ ಕಥೆ ಅದರಲ್ಲಿಲ್ಲ ಎಂದು ನಮಗೆ ಕಾಣುತ್ತದೆ. ಯೆಹೂದ್ಯರ ಮೇಲಿನ ದ್ವೇಷಕ್ಕೆ ವಸಾಹತುಗಳಿಗಿಂತ ಹಳೆಯ ಬೇರಿತ್ತು, ಅದು ಕ್ರೈಸ್ತ ಯುರೋಪಿನ ಪ್ರವಚನಪೀಠಗಳವರೆಗೂ ಚಾಚಿತ್ತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀನಾಯಗೊಳಿಸುತ್ತಿದ್ದ ಪದವನ್ನು ಜಗದ್ಗುರು ಇಪ್ಪತ್ತಮೂರನೇ ಜಾನ್ ತೆಗೆದದ್ದು 1959ರಲ್ಲಿ. ಯೆಹೂದ್ಯರ ಮೇಲೆ ಕ್ರಿಸ್ತನ ಮರಣದ ಸಾಮೂಹಿಕ ಅಪರಾಧ ಹೊರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಅಕ್ಟೋಬರ್ 28ರಂದು. ಕೆಲವರು ಮಾಡಿದ್ದಕ್ಕೆ ಇಡೀ ಜನಾಂಗ, ಅದೂ ತಲೆತಲಾಂತರದವರೆಗೆ, ಉತ್ತರ ಕೊಡಬೇಕು ಎಂಬ ಲೆಕ್ಕ ನಮ್ಮ ಮನೆಯಲ್ಲಿಯೂ ಇತ್ತು.

ಧರ್ಮಸಭೆಯ ಕುರಿತು ಆಫ್ರಿಕಾದವರು ಕೇಳುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಜಗದ್ಗುರು ಹನ್ನೊಂದನೇ ಪಿಯುಸ್ 1937ರ ಮಾರ್ಚಿನಲ್ಲಿ ಜರ್ಮನ್ ಭಾಷೆಯಲ್ಲಿಯೇ ಒಂದು ವಿಶ್ವಪತ್ರ ಬರೆದು, ಜನಾಂಗವನ್ನು ದೇವರ ಸ್ಥಾನಕ್ಕೆ ಏರಿಸುವುದನ್ನು ಖಂಡಿಸಿದರು. ಗರಿಗಳ ಭಾನುವಾರ ಜರ್ಮನಿಯ ಇಗರ್ಜಿಗಳಲ್ಲಿ ಅದನ್ನು ಓದಲಾಯಿತು. ಅಂದಿನ ಸ್ಥಿತಿಯಲ್ಲಿ ಅದು ದೊಡ್ಡ ಧೈರ್ಯ. ಆದರೆ ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಮುಸೊಲಿನಿಯ ಇಟಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಮೂರು ದಿನ ಸಾವಿರಾರು ಜನರನ್ನು ಕೊಂದಿತ್ತು. ಮೇ ತಿಂಗಳಲ್ಲಿ ಡೆಬ್ರೆ ಲಿಬಾನೋಸ್ ಮಠದ ನೂರಾರು ಕ್ರೈಸ್ತ ಸನ್ಯಾಸಿಗಳನ್ನು ಗುಂಡಿಟ್ಟು ಸಾಯಿಸಿತು. ಈ ಯುದ್ಧವನ್ನು 1935ರಲ್ಲಿ ಇಟಲಿಯ ಕೆಲವು ಧರ್ಮಾಧ್ಯಕ್ಷರು ಬಹಿರಂಗವಾಗಿ ಹೊಗಳಿದ್ದರು. ಬರ್ಲಿನ್ನಿನ ಪಾಪ ಕಂಡಷ್ಟು ಸ್ಪಷ್ಟವಾಗಿ ಅಡಿಸ್ ಅಬಾಬಾದ ಪಾಪ ಅಂದು ಅವರಿಗೆ ಕಾಣಲಿಲ್ಲ. ಆಫ್ರಿಕಾದ ಕಥೋಲಿಕರು ಇದನ್ನು ಹೇಳುವುದು ಧರ್ಮಸಭೆಯನ್ನು ಬಿಡುವುದಕ್ಕಲ್ಲ, ಅದು ತಮ್ಮದು ಎಂಬ ಸಲಿಗೆಯಿಂದ.

ಆ ಸಲಿಗೆಯ ದೊಡ್ಡ ಉದಾಹರಣೆ ಸೆನೆಗಲ್‌ನ ಲಿಯೋಪೋಲ್ಡ್ ಸೆಂಗೋರ್. 1906ರಲ್ಲಿ ಜೋಆಲ್ ಎಂಬ ಕಡಲತೀರದ ಊರಿನ ಕಥೋಲಿಕ ಮನೆಯಲ್ಲಿ ಹುಟ್ಟಿ, ಗುರುವಾಗಬೇಕೆಂದು ಗುರುಮಠಕ್ಕೆ ಸೇರಿ, ಆಗದೆ, ಕವಿಯಾದವರು. ಮುಂದೆ 1960ರಿಂದ 1980ರವರೆಗೆ ತಮ್ಮ ದೇಶದ ಅಧ್ಯಕ್ಷರು. 1940ರ ಜೂನಿನಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದಾಗ ಕರಿಯ ಸೈನಿಕರನ್ನು ಬೇರೆ ಮಾಡಿ ಗುಂಡಿಕ್ಕಲು ನಿಲ್ಲಿಸಿದ್ದರೆಂದೂ ಫ್ರೆಂಚ್ ಅಧಿಕಾರಿಯ ಪ್ರತಿಭಟನೆಯಿಂದ ಉಳಿದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಆ ಎರಡು ತಿಂಗಳಲ್ಲಿ ಶರಣಾದ 1,500ರಿಂದ 3,000 ಆಫ್ರಿಕನ್ ಸೈನಿಕರನ್ನು ಜರ್ಮನ್ ಸೇನೆ ಕೊಂದಿತೆಂದು ಇತಿಹಾಸಕಾರರ ಅಂದಾಜು. ಬಿಳಿಯ ಕೈದಿಗೆ ಊಟ, ಕರಿಯ ಕೈದಿಗೆ ಗುಂಡು. ಸೆರೆಯಿಂದ ಬದುಕಿ ಊರಿಗೆ ಮರಳಿದವರ ಗತಿಯೂ ಕೇಳಿ: 1944ರ ಡಿಸೆಂಬರ್ 1ರಂದು ಡಾಕರ್ ಹತ್ತಿರದ ಥಿಯಾರೋಯ್ ಶಿಬಿರದಲ್ಲಿ ಬಾಕಿ ಸಂಬಳ ಕೇಳಿದ್ದಕ್ಕೆ ಫ್ರೆಂಚ್ ಸೇನೆಯೇ ಅವರ ಮೇಲೆ ಗುಂಡು ಹಾರಿಸಿತು. ಅದು ಹತ್ಯಾಕಾಂಡವೆಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ. ಬಾಕಿ ಸಂಬಳ ಕೇಳಲು ಹೋದ ಹುಸೇನನನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

ಇಷ್ಟೆಲ್ಲ ಅನುಭವಿಸಿದವರು ಯೆಹೂದ್ಯರ ನೋವಿನ ಎದುರು ತಮ್ಮ ನೋವನ್ನು ತಕ್ಕಡಿಗೆ ಹಾಕಿದರೇ? ಹಾಕಿದವರಿದ್ದಾರೆ, ನಮ್ಮ ಸಾವುಗಳಿಗೆ ಸ್ಮಾರಕವೆಲ್ಲಿ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವೂ ಹೌದು. ನಮೀಬಿಯಾದ ನರಮೇಧವನ್ನು ಜರ್ಮನಿ ಆ ಹೆಸರಿನಿಂದಲೇ ಒಪ್ಪಿಕೊಂಡದ್ದು 2021ರ ಮೇ ತಿಂಗಳಲ್ಲಿ. ಆದರೆ ಬೇರೆ ದನಿಯೂ ಇದೆ. ನೆಲ್ಸನ್ ಮಂಡೇಲಾ ರಾಬೆನ್ ದ್ವೀಪದ ಸೆರೆಯಲ್ಲಿ ಆ್ಯನ್ ಫ್ರಾಂಕ್‌ಳ ದಿನಚರಿ ಓದಿ ಧೈರ್ಯ ಪಡೆದುದನ್ನು 1994ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಹೇಳಿಕೊಂಡರು. ರುವಾಂಡಾದ ಕಿಗಾಲಿಯಲ್ಲಿ 2004ರಲ್ಲಿ ತೆರೆದ ಸ್ಮಾರಕದಲ್ಲಿ ತಮ್ಮ ದೇಶದ ನರಮೇಧದ ಜೊತೆಗೆ ನಮೀಬಿಯಾದ್ದು, ಯೆಹೂದ್ಯರದ್ದು ಎಲ್ಲಕ್ಕೂ ಜಾಗವಿದೆ.

ರುವಾಂಡಾದ ಮಾತು ಬಂದರೆ ಕಥೋಲಿಕರಾದ ನಾವು ತಲೆ ತಗ್ಗಿಸಿಯೇ ಮಾತಾಡಬೇಕು. 1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ, ಹೆಚ್ಚಿನವರು ಟುಟ್ಸಿಗಳು, ಸತ್ತದ್ದು ಹೆಚ್ಚಾಗಿ ಕ್ರೈಸ್ತರೇ ಇದ್ದ ದೇಶದಲ್ಲಿ. ಟುಟ್ಸಿ, ಹುಟು ಎಂದು ಗುರುತುಚೀಟಿಯಲ್ಲಿ ಬರೆಯುವ ಪದ್ಧತಿಯನ್ನು 1930ರ ದಶಕದಲ್ಲಿ ತಂದವರು ಬೆಲ್ಜಿಯಂನ ಆಡಳಿತಗಾರರು, ಫಿಷರನ ಕಾಲದ ಅದೇ ಅಳತೆಪಟ್ಟಿಯ ವಿಜ್ಞಾನ ಅದರ ಹಿಂದಿತ್ತು. ರೇಡಿಯೋದಲ್ಲಿ ಟುಟ್ಸಿಗಳನ್ನು ಜಿರಲೆಗಳೆಂದು ಕರೆದರು, ಬಳಿಕ ಮಚ್ಚು ಬಂತು. ಆಶ್ರಯ ಹುಡುಕಿ ನ್ಯಾಮಾಟಾ, ಎನ್ಟರಾಮಾ ಇಗರ್ಜಿಗಳಿಗೆ ಓಡಿದವರು ಅಲ್ಲಿಯೇ ಸತ್ತರು. ಭಕ್ತರ ಕೊಲೆಗೆ ನೆರವಾದ ಗುರುವೊಬ್ಬರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರ ಮಾರ್ಚಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಈಗ ನಮ್ಮ ಊರಿಗೆ ಬರೋಣ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಡೆಯ ಸಿದ್ದಿಗಳು. ಕರಾವಳಿಯ ಕೊಂಕಣಿ ಕ್ರೈಸ್ತರ ಪೂರ್ವಜರೂ ಗೋವೆಯಿಂದಲೇ ಬಂದವರು, ಅವರಲ್ಲಿ ಅನೇಕರು ಅದೇ ಆಡಳಿತದ ಕಾಟ ತಾಳದೆ ಓಡಿಬಂದವರು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕಾರವಾರ ಧರ್ಮಪ್ರಾಂತ್ಯದ ಕಥೋಲಿಕರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ ಮಾತಾಡುವ ಈ ಜನರನ್ನು ಬೆಂಗಳೂರಿನಲ್ಲಿ ನೋಡಿದವರು ಯಾವ ದೇಶ ಎಂದು ಕೇಳುತ್ತಾರೆ. ಹೆಸರಘಟ್ಟ ರಸ್ತೆಯ ಎರಡನೆಯ ಕಾರಿನಲ್ಲಿ ಯಲ್ಲಾಪುರದ ಹುಡುಗಿ ಇದ್ದಿದ್ದರೆ?

ಮಾತುಗಳ ಬಗೆಗೂ ಒಂದಿಷ್ಟು. ಶಿಸ್ತಿನ ಮೇಷ್ಟ್ರನ್ನು ಹಿಟ್ಲರ್ ಎನ್ನುವುದು ನಮ್ಮಲ್ಲಿ ತಮಾಷೆ, ಆ ಹೆಸರಿಟ್ಟ ಧಾರಾವಾಹಿಯೊಂದು ಕನ್ನಡದಲ್ಲಿ 2021ರಿಂದ 2024ರವರೆಗೆ ಮನೆಮನೆಯಲ್ಲಿ ನಡೆಯಿತು. ಅದನ್ನು ಮಾಡಿದವರಿಗೆ ಕೆಟ್ಟ ಮನಸ್ಸು ಇತ್ತೆಂದು ನಾವು ಹೇಳುವುದಿಲ್ಲ. ದೂರದ ಕಥೆಯಾದ್ದರಿಂದ ಹೆಸರು ಹಗುರವಾಗಿದೆ, ಅಷ್ಟೇ. ಆಫ್ರಿಕಾದ ವಿದ್ಯಾರ್ಥಿಗಳ ಬಗ್ಗೆ ಆಡುವ 'ಅವರೆಲ್ಲ ಡ್ರಗ್ಸ್‌ನವರು' ಎಂಬ ಮಾತು ಮಾತ್ರ ಹಗುರವಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬರೆಯುವವರಲ್ಲಿ ಭಾನುವಾರ ಬಲಿಪೂಜೆಗೆ ಹೋಗುವ ನಮ್ಮವರೂ ಇದ್ದಾರೆ. 2017ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ಬಿದ್ದ ಪೆಟ್ಟುಗಳ ಹಿಂದೆ ಇದ್ದದ್ದು ಇಂಥದೇ ಗಾಳಿಮಾತು.

ಚಿಕ್ಕಬಾಣಾವರ, ಸೋಲದೇವನಹಳ್ಳಿ, ಯಲಹಂಕ ಭಾಗದ ಕಾಲೇಜುಗಳಲ್ಲಿ ನಮ್ಮ ಕರಾವಳಿಯ ಮಕ್ಕಳೂ ಓದುತ್ತಾರೆ, ನಮ್ಮ ಕುಟುಂಬಗಳು ಅಲ್ಲಿ ಮನೆ ಕಟ್ಟಿಕೊಂಡಿವೆ, ಕೆಲವರು ಬಾಡಿಗೆಗೂ ಕೊಡುತ್ತಾರೆ. ತಾಂಜಾನಿಯಾ, ಕಾಂಗೋ, ರುವಾಂಡಾದಿಂದ ಬರುವವರಲ್ಲಿ ಕಥೋಲಿಕರು ಬಹಳ. ಇಂಗ್ಲಿಷ್ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುವ ಇವರನ್ನು ಕಿರು ಸಮುದಾಯದ ಕೂಟಕ್ಕೆ ಕರೆಯುವ ಕೆಲಸ ಗುರಿಕಾರರು ಮತ್ತು ಯುವ ಸಂಘಟನೆಯವರು ಮಾಡಬಹುದು. ಗಾಯನ ಮಂಡಳಿಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಧರ್ಮೋಪದೇಶ ತರಗತಿಯವರು ಫೆಬ್ರವರಿ 8ರಂದು ಸಂತ ಬಖಿತಾಳ ಕಥೆ ಹೇಳಬಹುದು: ಬಾಲ್ಯದಲ್ಲಿ ಅಪಹರಣಕ್ಕೆ ಒಳಗಾಗಿ ಮತ್ತೆ ಮತ್ತೆ ಮಾರಾಟವಾದವಳು, 1890ರಲ್ಲಿ ವೆನಿಸಿನಲ್ಲಿ ದೀಕ್ಷಾಸ್ನಾನ ಪಡೆದು ಕನೋಸಿಯನ್ ಧರ್ಮಭಗಿನಿಯಾದವಳು, 2000ದ ಅಕ್ಟೋಬರ್ 1ರಂದು ಸಂತಳೆಂದು ಘೋಷಿತಳಾದವಳು. ಜನವರಿ 31ರ ಸುಮಾರಿಗೆ ಬರುವ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅಂದು ಸತ್ತ ಮಹಿಳೆಯನ್ನೂ ಪೆಟ್ಟು ತಿಂದ ಯುವತಿಯನ್ನೂ ಒಟ್ಟಿಗೆ ನೆನೆಯಬಹುದು.

ಮನೆ ಬಾಡಿಗೆಗೆ ಕೊಡುವವರು ಆಫ್ರಿಕಾದವರಿಗೆ ಬೇಡವೆನ್ನಲು ಸಾಮಾನ್ಯವಾಗಿ ಹೇಳುವ ಕಾರಣ ಪೊಲೀಸ್ ಕಾಗದಪತ್ರದ ತೊಂದರೆ. ವಿದೇಶೀಯರು ಬಂದು ಇಳಿದ 24 ಗಂಟೆಯೊಳಗೆ ಮನೆಯವರು ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರಗಳನ್ನು ವಿದೇಶೀಯರ ನೋಂದಣಿ ಕಚೇರಿಗೆ ತಿಳಿಸಬೇಕು, ಜನ ಬಹುಕಾಲದಿಂದ ಇದನ್ನು ಸಿ ಫಾರಂ ಎನ್ನುತ್ತ ಬಂದಿದ್ದಾರೆ. ಈ ಕೆಲಸ ಆನ್‌ಲೈನಿನಲ್ಲಿಯೇ ಮುಗಿಯುತ್ತದೆ. ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು ಧರ್ಮಕೇಂದ್ರದ ಕಚೇರಿಯಲ್ಲಿ ಭಾನುವಾರ ಪೂಜೆಯ ನಂತರ ಒಂದು ಗಂಟೆ ಕುಳಿತು ಹಿರಿಯ ಮನೆ ಮಾಲೀಕರಿಗೆ ಇದನ್ನು ತುಂಬಿಕೊಟ್ಟರೆ ಆ ಕಾರಣ ಅಲ್ಲಿಗೆ ಮುಗಿಯುತ್ತದೆ.